ಒರೆಸಿದ ನೆಲ
ಡೈನೋಸಾರ್‌ಗಳು ಮರಳಿ ಬಂದು ವರ್ಷವಾದರೂ, ಮೂರನೇ ಮಹಡಿಯ ನಮ್ಮ ಅತ್ತಿಗೆಗೆ ಅವು ಇನ್ನೊಂದಿಷ್ಟು ಹೆಚ್ಚಿನ ಕೆಲಸ, ಅಷ್ಟೇ. ಅವು ಬೀದಿಯಲ್ಲಿ ನಡೆದರೆ ಪಾತ್ರೆಗಳು ಉರುಳುತ್ತವೆಂದು ಶೆಲ್ಫಿಗೆ ಅಡ್ಡ ಹಗ್ಗ ಕಟ್ಟಿದ್ದಾರೆ. ಒಣಹಾಕಿದ ಬೆಡ್‌ಶೀಟನ್ನು ಉದ್ದ ಕತ್ತಿನದು ಮೇಯುವ ಮೊದಲೇ ಒಳಗೆ ತರುತ್ತಾರೆ. ಅದು ಅಡುಗೆಮನೆಯ ಕಿಟಕಿಯಲ್ಲಿ ತಲೆ ತೂರಿಸಿದರೆ ತಿರುಗಿಯೂ ನೋಡದೆ, “ಈಗಷ್ಟೇ ನೆಲ ಒರೆಸಿದ್ದೀನಿ, ಒಣಗಲಿ ತಡಿಯಪ್ಪ” ಎನ್ನುತ್ತಾರೆ. ಅದು ತಲೆ ಹೊರಗೆಳೆದುಕೊಂಡು ಕಾಯುತ್ತದೆ. ಅಷ್ಟರಲ್ಲಿ ಅಣ್ಣ ಚಪ್ಪಲಿಗಾಲಲ್ಲೇ ಒಳಬಂದು, “ಟೀ ಆಯ್ತಾ?” ಎನ್ನುತ್ತಾನೆ. ಆ ಕಿಟಕಿಗೆ ಕಬ್ಬಿಣದ ಬಾಗಿಲು ಹಾಕಿಸುವ ಅರ್ಜಿಗೆ ಮನೆಯವರೆಲ್ಲರ ಸಹಿ ಬೇಕಿತ್ತು. ಅತ್ತಿಗೆಯದೊಂದೇ ಬಾಕಿ. “ಹೆದರಿಕೆ ಇಲ್ವಾ ಅತ್ತಿಗೆ?” ಎಂದೆ. “ಈ ಮನೆಗೆ ಬಂದ ಇಪ್ಪತ್ತಾರು ವರ್ಷದಲ್ಲಿ ನೆಲ ಒಣಗೋವರೆಗೂ ನಿಂತಿದ್ದು ಅದೊಂದೇ ಕಣೇ” ಎನ್ನುತ್ತ ಅರ್ಜಿಯನ್ನು ಮುದ್ದೆ ಮಾಡಿ, ಅದರಿಂದಲೇ ಕಿಟಕಿಯ ಗಾಜು ಒರೆಸತೊಡಗಿದರು.