ಸೂಜಿ ಬೆಳೆಯುವ ಬೇಸಾಯಗಾರ

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ‘ಬೇಸಾಯದ ಸರ್’ ಎಂದೇ ಕರೆಯುವುದು. ಏಕೆಂದರೆ ಅವರು ಬಿಸಿ ದ್ರಾವಣದಲ್ಲಿ ಗಾಜಿನ ಚೂರುಗಳನ್ನು ಮುಳುಗಿಸಿ ಓವನ್ನಿನಲ್ಲಿಟ್ಟು, ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸತುವಿನ ಆಕ್ಸೈಡಿನ ಸೂಜಿಗಳನ್ನು ಹುಲ್ಲಿನಂತೆ ಒತ್ತಾಗಿ ಬೆಳೆಸುತ್ತಾರೆ. ಅಡುಗೆ ಅನಿಲ ಸೋರಿ ತಾಕಿದೊಡನೆ ಆ ಸೂಜಿಗಳು ಗಂಟೆ ಬಾರಿಸಬೇಕು. ಆದರೆ ಅವಕ್ಕಿನ್ನೂ ಬುದ್ಧಿ ಬಂದಿಲ್ಲ, ಸೆಂಟಿಗೂ ಅರಚಿಕೊಳ್ಳುತ್ತವೆ. ಆದ್ದರಿಂದ ಸರ್ ಬಾಗಿಲಲ್ಲೇ ನಿಂತು ಒಳಬರುವವರನ್ನೆಲ್ಲ ಮೂಸುತ್ತಾರೆ. “ಸೆಂಟು ಹಾಕ್ಕೊಂಡು ಬಂದಿದ್ದೀಯಲ್ಲಮ್ಮ, ನನ್ನ ಪೈರಿಗೆ ತಲೆ ತಿರುಗುತ್ತೆ, ಆಚೆ ನಿಲ್ಲು!” ಮದುವೆಯ ಕರೆಯೋಲೆ ತಂದ ಸಹೋದ್ಯೋಗಿಯನ್ನೂ ಹೊರಗೇ ನಿಲ್ಲಿಸಿ, ಪತ್ರವನ್ನು ಚಿಮಟದಲ್ಲಿ ಹಿಡಿದು ಓದಿ, ಅಲ್ಲಿಂದಲೇ ಹರಸಿ ಕಳಿಸಿದವರು ಅವರು. ನಿರ್ದೇಶಕರನ್ನೇ ಒಮ್ಮೆ ಕೈತೊಳೆದು ಬರಲು ಅಟ್ಟಿದ್ದರಂತೆ. ಇಂಥ ಶಿಸ್ತಿನ ಮನುಷ್ಯ ಮಧ್ಯಾಹ್ನ ಒಂದು ಗಂಟೆಯಾದರೆ ಮಾತ್ರ, ಎದುರಿಗೆ ಯಾರಿದ್ದರೂ ಲೆಕ್ಕಿಸದೆ ಮನೆಗೆ ಫೋನು ಮಾಡುತ್ತಾರೆ. ಅವರನ್ನು ಸಾಕಿ ಬೆಳೆಸಿದ ಅಕ್ಕನಿಗೆ ಹೋದ ವರ್ಷದ ಜ್ವರದಲ್ಲಿ ವಾಸನೆ ತಿಳಿಯುವುದೇ ನಿಂತುಹೋಗಿದೆ. ಒಂದು ಸಂಜೆ ಅನಿಲ ತುಂಬಿದ ಅಡುಗೆಮನೆಯಲ್ಲಿ ಹಾಯಾಗಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಅನಿಲ ಸೋರಿದರೆ ಕೂಗಲೆಂದು ಅಂಗಡಿಯಿಂದ ತಂದ ಗಂಟೆಯನ್ನು, ಈರುಳ್ಳಿ ಹುರಿದರೂ ಕೂಗುತ್ತದೆಂದು ಬೇಸತ್ತು, ಕಿತ್ತು ಡಬ್ಬಿಯೊಳಗೆ ಹಾಕಿಬಿಟ್ಟಿದ್ದಾಳೆ. “ಅಕ್ಕ, ಅಡುಗೆ ಆಯ್ತಾ?” “ಆಯ್ತು ಕಣೋ, ಒಲೇನೂ ಆರಿಸ್ದೆ. ದಿನಾ ಇದೇ ಪರೀಕ್ಷೆ ನಿಂದು!” “ಸಿಲಿಂಡರಿನ ಗುಂಡಿ ತಿರುಗಿಸು, ಟಕ್ ಅನ್ನೋದು ನಂಗೆ ಕೇಳಿಸ್ಲಿ.” ಆ ಸದ್ದು ಕಿವಿಗೆ ಬೀಳುವವರೆಗೂ ಅವರು ಉಸಿರು ಬಿಡುವುದಿಲ್ಲ, ಆಮೇಲೆ, ಸೂಜಿಗಳು ಬೆಳೆಯುತ್ತಿರುವ ಓವನ್ನಿನ ಗಾಜಿಗೆ ಬಾಗಿ, ಯಾರಿಗೂ ಕೇಳಿಸದಂತೆ ಹೇಳುತ್ತಾರೆ: “ಬೇಗ ಬುದ್ಧಿ ಕಲೀರಪ್ಪ.”