ಎಣ್ಣೆ ಮರಳಿನ ಮೇಲೊಂದು ಹೆಜ್ಜೆ

ಅರಬ್ ದೇಶದಲ್ಲಿ ಪಪ್ಪ ಭಟ್ಕಳದ ಸಾಹೇಬರೊಬ್ಬರ ಡ್ರೈವರ್. ಪ್ರತೀ ಶುಕ್ರವಾರ ಅವರನ್ನು ಮರುಭೂಮಿಯ ಗಾಲ್ಫ್ ಮೈದಾನಕ್ಕೆ ಬಿಟ್ಟು ಕಾರಲ್ಲೇ ಕಾಯುತ್ತಿದ್ದರು. ಈ ಸಲ ಸಾಹೇಬರೇ, "ಫೆಲಿಕ್ಸ್, ಊರಿಗೆ ಹೋಗುವ ಮೊದಲು ಒಮ್ಮೆ ಆಡು, ಮಗನನ್ನೂ ಕರ್ಕೊಂಡು ಬಾ" ಅಂದರು. ಅಲ್ಲಿ ಇದ್ದು ದುಡಿಯಲಿಕ್ಕೆ ಬೇಕಾದ ಪಪ್ಪನ ಇಕಾಮಾ ಪರವಾನಗಿ ರಿನ್ಯೂ ಮಾಡುವುದಿಲ್ಲ ಅಂತ ಅವರು ಹೇಳಿಯಾಗಿತ್ತು. ಆದರೂ ಪಪ್ಪನಿಗೆ ಆಸೆ.

"ಇವತ್ತು ನಿನ್ನ ಮಂಗಾಟ ಬೇಡ ಮಾರಾಯ," ಪಪ್ಪ ನನಗೆ ಹೇಳಿದರು. "ಅವರ ಮನಸ್ಸು ತಿರುಗಿದರೂ ತಿರುಗೀತು."

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಅಷ್ಟು ಅರ್ಥವಾಯಿತು. ಚೆಂಡಿನ ಬದಲು ಇಡಲಿಕ್ಕೆ ತಂದಿದ್ದ ಬೇಯಿಸಿದ ಮೊಟ್ಟೆಯನ್ನು ಕಿಸೆಯಿಂದ ತೆಗೆಯಲೇ ಇಲ್ಲ.

ಸುತ್ತ ಕೆಂಪು ದಿಬ್ಬಗಳು, ಚಂದವೇ ಚಂದ. ಹುಲ್ಲು ಮಾತ್ರ ಒಂದು ಕಡ್ಡಿಯೂ ಇಲ್ಲ. ಚೆಂಡು ಬೀಳಬೇಕಾದ ಗುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಕಲಸಿದ ಕಪ್ಪು ಮರಳು. ಪಪ್ಪ ಹೊಡೆದ ಚೆಂಡು ಹೇಗೋ ಗುಳಿಗೆ ಬಿತ್ತು.

"ಶಾಬಾಶ್ ಫೆಲಿಕ್ಸ್!"

ಪಪ್ಪ ಆಗ ಕೇಳಿಯೇ ಬಿಟ್ಟರು: "ಸಾಹೇಬರೇ, ಇನ್ನೊಂದು ವರ್ಷ ಇರಲಿಕ್ಕೆ ಎಂತಾದರೂ..."

ಸಾಹೇಬರು ಹಗ್ಗ ಕಟ್ಟಿದ ಒಂದು ಚಾಪೆಯನ್ನು ಅವರ ಕೈಗೆ ಕೊಟ್ಟರು. "ಆಡಿ ಮುಗಿಸಿದವರು ತಮ್ಮ ಹೆಜ್ಜೆಗುರುತು ಒರೆಸಿ ಹೋಗಬೇಕು. ಇಲ್ಲಿಯ ಪದ್ಧತಿ."

ಪಪ್ಪ ಚಾಪೆ ಎಳೆಯುತ್ತಾ ಸುತ್ತು ಬಂದರು, ದಿನಾ ಕಾರು ಒರೆಸಿದಷ್ಟೇ ಚೊಕ್ಕವಾಗಿ. ಅವರು ಅಲ್ಲಿಗೆ ಬಂದಿದ್ದರು ಅನ್ನಲಿಕ್ಕೆ ಒಂದು ಗೀರೂ ಉಳಿಯಲಿಲ್ಲ.

ಇಬ್ಬರೂ ಬೆನ್ನು ತಿರುಗಿಸಿದ ಮೇಲೆ ನಾನು ಗುಳಿಯ ಪಕ್ಕದಲ್ಲೇ ಚಪ್ಪಲಿ ಬಲವಾಗಿ ಒತ್ತಿ ಬಂದೆ. ಮುಂದಿನವರ ಚೆಂಡು ಅಲ್ಲೇ ಸಿಕ್ಕಿ ಸಾಯಲಿ. ಮೊಟ್ಟೆ ಮಾತ್ರ ವಾಪಸು ತಂದೆ. ಪಪ್ಪ ಬೆಳಿಗ್ಗೆಯಿಂದ ಎಂತದೂ ತಿಂದಿರಲಿಲ್ಲ.