ಇಮಾಮ್‌ಬೀಯ ಮಣಕ

ಚಿಂಚೋಳಿ ಗುಡ್ಡದ ಅಂಚಿನ ಹಳ್ಳಿಯಲ್ಲಿ, ಗಂಡ ತೀರಿಕೊಂಡಾಗ ಶಿವಕಾಂತಮ್ಮನಿಗೆ ಉಳಿದದ್ದು ಒಂದು ಕಲ್ಲಿನ ದೊಡ್ಡಿ, ಅದರೊಳಗೆ ಏಳೆಂಟು ದನ. ನಸುಕಿನಲ್ಲೇ ಸಗಣಿ ಬಳಿದು, ಹಾಲು ಹಿಂಡಿ, ಜೋಳದ ಕಣಕಿ ಮೇವು ಹಾಕಿ, ಬಿಸಿಲೇರುವಷ್ಟರಲ್ಲಿ ಅಡವಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಪಕ್ಕದ ಮನೆಯ ಖಾಜಾಮಿಯಾನ ಕಂದು ಆಕಳೂ ಅವಳ ದನಗಳ ಜೊತೆಗೇ ಮೇಯುತ್ತಿತ್ತು.

ಹೈದರಾಬಾದ್ ಸಂಸ್ಥಾನಕ್ಕೆ ಸೇನೆ ನುಗ್ಗಿದ ಪೊಲೀಸ್ ಆಕ್ಷನ್ ಆದ ಹೊಸದರಲ್ಲಿ, ಸುತ್ತಲ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳಿಗೆ ಬೆಂಕಿ ಬಿದ್ದ ಸುದ್ದಿ ಬಂತು. ಖಾಜಾಮಿಯಾ ಹೆಂಡತಿ ಇಮಾಮ್‌ಬೀಯನ್ನು ಕರೆದುಕೊಂಡು ಹೈದರಾಬಾದಿನ ಬಳಗದವರಲ್ಲಿಗೆ ಹೊರಟ. ಹೋಗುವಾಗ ಆಕಳ ಹಗ್ಗವನ್ನು ಶಿವಕಾಂತಮ್ಮನ ಕೈಗಿಟ್ಟ.

“ಗಬ್ಬ ಅದ ಅಕ್ಕಾ. ನಾವು ಬರೋತನಕ ನಿನ್ನ ದೊಡ್ಡ್ಯಾಗ ಇರಲಿ.”

“ನಂದೇ ಅಂತ ನೋಡ್ಕೋತೀನಿ, ಹೋಗಿ ಬರ್ರಿ,” ಅಂದಳು ಶಿವಕಾಂತಮ್ಮ.

ಚಳಿಗಾಲದಲ್ಲಿ ಆಕಳು ಹೆಣ್ಣುಗರು ಹಾಕಿತು. ಕಾಲು ಊರಿ ನಿಲ್ಲಲಾಗದ ಕರು. ಶಿವಕಾಂತಮ್ಮ ಅದನ್ನು ಕಂಬಳಿಯಲ್ಲಿ ಸುತ್ತಿ, ಒಲೆಯ ಹತ್ತಿರ ಮಲಗಿಸಿ, ಬಾಯಿಗೆ ಹಾಲು ಹಿಂಡಿ ಬದುಕಿಸಿದಳು. ಚಂದ್ರಿ ಎಂದು ಕರೆದಳು. ಅದು ಅವಳ ಸೆರಗು ಅಗಿಯುತ್ತ ಬೆನ್ನುಹತ್ತಿ ತಿರುಗುತ್ತಿತ್ತು.

ಎರಡನೆಯ ಬೇಸಿಗೆಗೆ ಇಮಾಮ್‌ಬೀ ಒಬ್ಬಳೇ ತಿರುಗಿ ಬಂದಳು. ಖಾಜಾಮಿಯಾ ಅಲ್ಲೇ ಜ್ವರಕ್ಕೆ ಹೋಗಿಬಿಟ್ಟಿದ್ದ. ಶಿವಕಾಂತಮ್ಮ ಅವಳನ್ನು ತಬ್ಬಿಕೊಂಡು ಅತ್ತಳು, ರೊಟ್ಟಿ ಉಣ್ಣಿಸಿದಳು, ಆಕಳನ್ನು ಬಿಚ್ಚಿ ಕೊಟ್ಟಳು.

“ಕರ?” ಎಂದು ಕೇಳಿದಳು ಇಮಾಮ್‌ಬೀ.

“ಉಳೀಲಿಲ್ಲವ್ವಾ.”

ಮಾತು ತಾನಾಗಿ ಬಾಯಿಂದ ಬಿತ್ತು. ಬೆಳೆದು ಮಣಕವಾಗಿದ್ದ ಚಂದ್ರಿ ಅವರಿಬ್ಬರ ಎದುರಿಗೇ ನಿಂತು ಕಣಕಿ ಅಗಿಯುತ್ತಿತ್ತು. ಇಮಾಮ್‌ಬೀ ಅದನ್ನೊಮ್ಮೆ ನೋಡಿ, “ಆಗಲಿ ಬಿಡ್ರಿ,” ಎಂದು ಹೊರಟಳು.

ಅಂದಿನಿಂದ ಶಿವಕಾಂತಮ್ಮ ಅವಳು ಎದುರಾದರೆ ದಾರಿ ಬಿಟ್ಟು ನಡೆದಳು. ಅಡವಿಯಲ್ಲಿ ಮಣಕ ತಾಯಿಯ ಪಕ್ಕ ಹೋಗಿ ನಿಂತರೆ ಕಲ್ಲೆಸೆದು ಬೇರೆ ಮಾಡುವಳು, ಆಮೇಲೆ ಅದರ ಮೈ ಸವರುತ್ತ ಅಳುವಳು. ಬದುಕಿಸಿದವಳು ನಾನಲ್ಲವೇ ಎಂದು ತನಗೆ ತಾನೇ ಹೇಳಿಕೊಂಡರೂ ಸಮಾಧಾನವಾಗುತ್ತಿರಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಇಮಾಮ್‌ಬೀ ಮಣಕದ ಕಿವಿಯೊಳಗಿನ ಉಣ್ಣಿ ಕೀಳುತ್ತಿದ್ದಳು. ಶಿವಕಾಂತಮ್ಮನನ್ನು ಕಂಡದ್ದೇ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

“ತಪ್ಪಾಯ್ತ್ರಿ. ಉಣ್ಣಿ ಭಾಳ ಆಗಿದ್ವು, ಅದಕ್ಕ...”

ಶಿವಕಾಂತಮ್ಮ ಬಂದು ಅವಳೆದುರು ಕುಳಿತಳು. “ನಿನಗ ಗೊತ್ತಿತ್ತೇನು?”

“ಮೊದಲ ದಿನಾನೇ ಗೊತ್ತಾತು. ಅದರ ಮಾರಿ ತಾಯಿ ಮಾರೀನೇ ಅದಲ್ರಿ.”

“ಮತ್ತ ಯಾಕ ಕೇಳಲಿಲ್ಲ?”

“ಹ್ಯಾಂಗ ಕೇಳಲ್ರಿ? ಒಬ್ಬಾಕಿ ಇದ್ದೀನಿ, ಈ ಊರಾಗೇ ಬಾಳಬೇಕು. ನೀವು ಸಿಟ್ಟಾದ್ರ ನನಗ ಯಾರದಾರ?”

ಒಂದು ಕರು ಕದ್ದೆ ಎಂದಷ್ಟೇ ಶಿವಕಾಂತಮ್ಮ ತಿಳಿದಿದ್ದಳು. ಬೆಂಕಿ ಇಟ್ಟವರಿಗೆ ಹೆದರಿದ ಹಾಗೆಯೇ ಇವಳು ತನಗೂ ಹೆದರಿಕೊಂಡಿದ್ದಾಳೆ ಎಂಬುದು ಈಗ ಅರಿವಾಯಿತು.

ಅಂದು ಸಂಜೆ ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದಾಗ, ಮಣಕವನ್ನು ಕೊಂಡೊಯ್ದು ಇಮಾಮ್‌ಬೀಯ ಮನೆಮುಂದಿನ ಗೂಟಕ್ಕೆ ಕಟ್ಟಿದಳು. “ಸತ್ತದ ಅಂತ ಸುಳ್ಳ ಹೇಳಿದ್ದೆ. ಇದು ಈಕೀದು,” ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಇಮಾಮ್‌ಬೀ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ಒಳಗೆ ಬಾ ಅನ್ನಲಿಲ್ಲ.

ಎರಡು ವರ್ಷದ ಮೇಲೆ ಚಂದ್ರಿ ಕರು ಹಾಕಿತು. ಇಮಾಮ್‌ಬೀ ಗಿಣ್ಣದ ಹಾಲು ಕಳಿಸಿದಳು, ಬೇರೆಯವರ ಕೈಯಲ್ಲಿ. ಶಿವಕಾಂತಮ್ಮ ಬೆಲ್ಲ ಹಾಕಿ ಕಾಯಿಸಿ, ಒಲೆಯ ಮುಂದೆ ಒಬ್ಬಳೇ ಕುಳಿತು ತಿಂದಳು. ಇಷ್ಟೆಲ್ಲ ಆದಮೇಲೂ ನನ್ನನ್ನು ನೆನೆದು ಕಳಿಸಿದಳಲ್ಲ ಎಂಬುದೇ ತುತ್ತುತುತ್ತಿಗೂ ಚುಚ್ಚುತ್ತಿತ್ತು.